ಸೆಲೆಕ್ಟ್ ಆದ ಹುಡುಗನ ಫೋಟೋ ಸಾಕು, ಹೊರಬಿದ್ದವನ ವಿಳಾಸ ಕೊಡಿ

ಕಳೆದ ತಿಂಗಳು ಒಂದು ರಾತ್ರಿ ಇಶಾ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದೆ. ಹೆಗ್ಗನಹಳ್ಳಿಯಲ್ಲಿ ಬೇಕರಿ ನಡೆಸುವ ನಮ್ಮೂರಿನವರೊಬ್ಬರು ನನ್ನನ್ನು ಬದಿಗೆ ಕರೆದರು. ಕೈಯಲ್ಲಿ ಮೊಬೈಲು, ಮುಖದಲ್ಲಿ ಹಬ್ಬದ ಕಳೆ. "ಉಸ್ತಾದ್, ಇದೊಂದು ಓದಿ ನೋಡಿ. ಮಗ ಸೆಲೆಕ್ಟ್ ಆಗಿದ್ದಾನೆ" ಅಂದರು.

ಸಂದೇಶ ಇಂಗ್ಲಿಷಿನಲ್ಲಿತ್ತು. ಅಭಿನಂದನೆ ಒಂದು ಸಾಲು. ಉಳಿದದ್ದೆಲ್ಲ ಲೆಕ್ಕ. ನೋಂದಣಿಗೆ ಇಷ್ಟು, ಜೆರ್ಸಿ ಬೂಟಿಗೆ ಇಷ್ಟು, ಮೂರು ತಿಂಗಳ ಫೀಸು ಮುಂಗಡ, ಶುಕ್ರವಾರದೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ.

"ಸೆಲೆಕ್ಷನ್ ಎಲ್ಲಿ ಆಯ್ತು?" ಅಂತ ಕೇಳಿದೆ.

"ಟರ್ಫಿನಲ್ಲಿ. ಒಂದು ಗಂಟೆ ಆಡಿಸಿದ್ರು."

"ಎಷ್ಟು ಮಕ್ಕಳು ಬಂದಿದ್ರು?"

"ಐವತ್ತು ಅರವತ್ತು ಇರಬಹುದು."

"ಅದರಲ್ಲಿ ಎಷ್ಟು ಜನ ಸೆಲೆಕ್ಟ್ ಆದ್ರು?"

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು: "ಎಲ್ರೂ ಆಗಿದ್ದಾರೆ ಅಂತ ಕಾಣ್ತದೆ ಉಸ್ತಾದ್."

ಇಬ್ಬರೂ ನಕ್ಕೆವು. ಆದರೆ ಅದು ನಕ್ಕು ಬಿಡುವ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹುಡುಗ ಎಂಟನೇ ಕ್ಲಾಸು, ನನ್ನ ಮದ್ರಸದಲ್ಲೇ ಕಲಿಯುತ್ತಾನೆ, ಚೆನ್ನಾಗಿ ಆಡುತ್ತಾನೆ. ಬರೀ ಅಪ್ಪನ ಕಣ್ಣಿಗೆ ಚೆನ್ನಾಗಿ ಕಾಣುವುದಲ್ಲ, ನಿಜವಾಗಿಯೂ ಆಡುತ್ತಾನೆ. ಅಂಥ ಹುಡುಗನ ಅಪ್ಪನಿಗೆ "ಬೇಡ" ಅನ್ನುವುದು ಸುಲಭವಲ್ಲ. ಹಾಗಂತ "ಕಟ್ಟಿ" ಅನ್ನಲೂ ನನ್ನ ನಾಲಿಗೆ ಬರಲಿಲ್ಲ. ಅದಕ್ಕೆ ಕಾರಣ ಉಂಟು.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗನನ್ನು ಇಂಥದ್ದೇ ಒಂದು ಅಕಾಡೆಮಿಗೆ ಸೇರಿಸಿದೆವು. ಹೆಸರು ಬೇಡ. ವಿದೇಶದ ದೊಡ್ಡ ಕ್ಲಬ್ಬೊಂದರ ಬಿಲ್ಲೆ ಅವರ ಬೋರ್ಡಿನ ಮೇಲಿತ್ತು. ಆ ಬಿಲ್ಲೆ ನೋಡಿ "ಸೇರಿಸು" ಅಂದವನು ನಾನೇ. ಅಕ್ಕ ಎರಡು ಬಳೆ ಅಡವಿಟ್ಟಳು. ಎರಡು ವರ್ಷ ಹುಡುಗ ಹೋದ. ಆ ಎರಡು ವರ್ಷದಲ್ಲಿ ಬೇರೆ ತಂಡದ ಜೊತೆ ಸರಿಯಾದ ಒಂದು ಲೀಗ್ ಆಡಿಸಲಿಲ್ಲ. ಅವರವರೇ ಎರಡು ತಂಡ ಮಾಡಿಕೊಂಡು ಆಡುವುದು, ಫೋಟೋ ಹಾಕುವುದು. ಒಂಬತ್ತನೇ ಕ್ಲಾಸಿನಲ್ಲಿ ಹಾಜರಾತಿ ಕಮ್ಮಿ ಬಿತ್ತು. ಆಮೇಲೆ ಮೊಣಕಾಲು ತಿರುಚಿತು. ನಾಲ್ಕು ತಿಂಗಳು ಮನೆಯಲ್ಲೇ ಇದ್ದ. ಆ ನಾಲ್ಕು ತಿಂಗಳಲ್ಲಿ ಅಕಾಡೆಮಿಯಿಂದ ಬಂದ ಫೋನು ಒಂದೇ ಒಂದು, ಅದೂ ಬಾಕಿ ಫೀಸಿನದ್ದು. ಈಗ ಅವನು ಗಲ್ಫಿನಲ್ಲಿ ಅಂಗಡಿ ಕೆಲಸದಲ್ಲಿದ್ದಾನೆ. ದುಡಿಮೆ ಹಲಾಲ್, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಊರಿಗೆ ಬಂದಾಗ ಮಕ್ಕಳು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರೆ ಒಳಗೆ ಎದ್ದು ಹೋಗುತ್ತಾನೆ. ಅದನ್ನು ನೋಡಿದಾಗಲೆಲ್ಲ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ನೆನಪಾಗುತ್ತವೆ.

ಆ ಪ್ರಶ್ನೆಗಳನ್ನು ಇವತ್ತು ಇಲ್ಲಿ ಇಡುತ್ತೇನೆ. ನಾನು ಕೋಚ್ ಅಲ್ಲ. ಆಫ್‌ಸೈಡ್ ಎಂದರೇನು ಅಂತ ಹುಡುಗರೇ ನನಗೆ ಹೇಳಿಕೊಟ್ಟದ್ದು. ಆದರೆ ಮಕ್ಕಳಿಗೆ ಕಲಿಸುವ ಜಾಗ ಯಾವುದು, ಮಕ್ಕಳನ್ನು ತೋರಿಸಿ ದುಡ್ಡು ಮಾಡುವ ಜಾಗ ಯಾವುದು ಅಂತ ಇಷ್ಟು ವರ್ಷ ಪಾಠ ಹೇಳಿದವನಿಗೆ ಸ್ವಲ್ಪ ತಿಳಿಯುತ್ತದೆ.

ಒಂದೇ ಬೋರ್ಡು, ಎರಡು ಬಾಗಿಲು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ದೊಡ್ಡ ಕ್ಲಬ್ಬುಗಳು ಮಕ್ಕಳಿಗೆ ಎರಡು ಬಾಗಿಲು ಇಟ್ಟಿರುತ್ತವೆ. ಒಂದು ಸಾಕರ್ ಸ್ಕೂಲ್. ಅಲ್ಲಿ ನಾವು ಫೀಸು ಕೊಡುತ್ತೇವೆ, ಮಗ ವಾರಕ್ಕೆ ಎರಡು ಮೂರು ದಿನ ಹೋಗಿ ಆಡಿ ಬರುತ್ತಾನೆ. ಇನ್ನೊಂದು ನಿಜವಾದ ಅಕಾಡೆಮಿ. ಅಲ್ಲಿ ಕ್ಲಬ್ಬು ಹುಡುಕಿ ಆರಿಸುತ್ತದೆ, ತನ್ನ ಹೆಸರಿನಲ್ಲಿ ಲೀಗಿನಲ್ಲಿ ಆಡಿಸುತ್ತದೆ, ಅವನ ಮೇಲೆ ಖರ್ಚು ಮಾಡುತ್ತದೆ. ಎರಡೂ ಕಡೆ ಜೆರ್ಸಿ ಒಂದೇ ಬಣ್ಣ. ಜನ ಮೋಸ ಹೋಗುವುದು ಆ ಬಣ್ಣಕ್ಕೆ.

ನಮ್ಮ ಬೆಂಗಳೂರು ಎಫ್‌ಸಿಯನ್ನೇ ತೆಗೆದುಕೊಳ್ಳಿ. 2013ರಲ್ಲಿ ಜೆಎಸ್‌ಡಬ್ಲ್ಯೂ ಕಂಪೆನಿ ಕಟ್ಟಿದ ಕ್ಲಬ್ಬು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ನಗರದಲ್ಲಿ 'ಬಿಎಫ್‌ಸಿ ಸಾಕರ್ ಸ್ಕೂಲ್ಸ್' ಅಂತ ನಡೆಸುತ್ತಾರೆ. ಅದು ಮೊದಲನೆಯ ಬಾಗಿಲು. ವಸತಿ ಅಕಾಡೆಮಿ ಇರುವುದು ಬಳ್ಳಾರಿ ಕಡೆ, ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆಯ ವಿಜಯನಗರದಲ್ಲಿ. ಹೆಗ್ಗನಹಳ್ಳಿಯಿಂದ ಸುಮಾರು 300 ಕಿಲೋಮೀಟರ್. ಅದು ಎರಡನೆಯ ಬಾಗಿಲು. ಮೊದಲನೆಯದರಲ್ಲಿ ಕಾಲಿಟ್ಟವನು ಎರಡನೆಯದಕ್ಕೆ ತಾನಾಗಿ ಹೋಗುತ್ತಾನೆ ಅಂದುಕೊಳ್ಳುವುದು, ಟ್ಯೂಷನ್‌ಗೆ ಸೇರಿಸಿ ಮೆಡಿಕಲ್ ಸೀಟು ಸಿಕ್ಕಿತು ಅಂದುಕೊಂಡ ಹಾಗೆ.

ಸಾಕರ್ ಸ್ಕೂಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗ ಮೊಬೈಲು ಬಿಟ್ಟು ಮೈದಾನಕ್ಕೆ ಹೋಗಲಿ, ಮೈ ಬೆವರಲಿ, ನಾಲ್ಕು ಜನರ ಜೊತೆ ಸೇರಲಿ ಅಂತಿದ್ದರೆ ಫೀಸು ಕೊಟ್ಟು ಕಳಿಸಿ. ಈಜು ಕಲಿಸಿದ ಹಾಗೆ ಅದೂ ಒಂದು. ಆದರೆ 'ನನ್ನ ಮಗ ಪ್ರೊಫೆಷನಲ್ ಆಗುತ್ತಾನೆ' ಅಂತ ಬಳೆ ಅಡವಿಟ್ಟು ಕಟ್ಟುವ ದುಡ್ಡು ಬೇರೆ. ಹಾಗಾಗಿ ಮೊದಲ ಪ್ರಶ್ನೆ ಇದು: ಈ ಬಾಗಿಲಿನಲ್ಲಿ ಯಾರು ಯಾರಿಗೆ ದುಡ್ಡು ಕೊಡುತ್ತಾರೆ? ದುಡ್ಡು ನಮ್ಮ ಕೈಯಿಂದ ಹೋಗುತ್ತಿದ್ದರೆ ನಾವು ಗಿರಾಕಿ. ಗಿರಾಕಿಗೆ 'ಸೆಲೆಕ್ಟ್ ಆಗಿದ್ದೀರಿ' ಅಂತ ಯಾವ ಅಂಗಡಿಯವನೂ ಹೇಳಬೇಕಾಗಿಲ್ಲ.

ಕಪ್ಪು ಗೆದ್ದರೆ ಒಳ್ಳೆಯ ಅಕಾಡೆಮಿಯಾ?

ಬಿಎಫ್‌ಸಿ ಯುವ ತಂಡದ ಹೆಸರು ಸುಮ್ಮನೆ ಬಂದದ್ದಲ್ಲ. ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಅಂತ ಯುವಕರ ಟೂರ್ನಿ 2022ರಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದದ್ದು ಬಿಎಫ್‌ಸಿ, 2023ರಲ್ಲಿ ಮತ್ತೆ ಗೆದ್ದದ್ದೂ ಬಿಎಫ್‌ಸಿ. ಆ ಯುವ ತಂಡಗಳನ್ನು ಹಲವು ವರ್ಷ ಬೆಳೆಸಿದ ನೌಶಾದ್ ಮೂಸಾ 2025ರಲ್ಲಿ ದೇಶದ 23 ವರ್ಷದೊಳಗಿನವರ ತಂಡದ ಹೊಣೆ ಹೊತ್ತರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬಿಎಫ್‌ಸಿ 1-0 ಗೆದ್ದಾಗ, ಆ ಒಂದು ಗೋಲು ಹೊಡೆದವನು ಇದೇ ಅಕಾಡೆಮಿಯಿಂದ ಮೇಲೆ ಬಂದ, ಬೆಂಗಳೂರಿನದ್ದೇ ಹುಡುಗ ವಿನೀತ್ ವೆಂಕಟೇಶ್. ಮರುದಿನ ನನ್ನ ಕ್ಲಾಸಿನ ಹುಡುಗರಿಗೆ ಪಾಠದಲ್ಲಿ ಮನಸ್ಸೇ ಇರಲಿಲ್ಲ. ನಾನೂ ಹೆಚ್ಚು ಬೈಯಲಿಲ್ಲ.

ಇದು ನಿಜವಾದ ಸಾಧನೆ. ಅಕಾಡೆಮಿಯನ್ನು ಅಳೆಯುವಾಗ ಇದನ್ನೂ ತಕ್ಕಡಿಗೆ ಹಾಕಬೇಕು. ಹಿರಿಯರ ತಂಡಕ್ಕೆ ಹುಡುಗರು ಹೋಗುತ್ತಾರೆ, ಹೋದವರಿಗೆ ಆಡಲು ಅವಕಾಶ ಸಿಗುತ್ತದೆ ಅಂದರೆ ಮೆಟ್ಟಿಲು ಮುರಿದಿಲ್ಲ ಅಂತ ಅರ್ಥ. ಎಷ್ಟೋ ಕಡೆ ಯುವ ತಂಡಕ್ಕೂ ಹಿರಿಯರ ತಂಡಕ್ಕೂ ನಡುವೆ ಮೆಟ್ಟಿಲೇ ಇರುವುದಿಲ್ಲ.

ಆದರೆ ಮೆಟ್ಟಿಲಿನ ತುದಿ ಎಷ್ಟು ಅಗಲ ಇದೆ ಅಂತಲೂ ನೋಡಬೇಕು. 2024-25ರ ಐಎಸ್‌ಎಲ್‌ನಲ್ಲಿ 13 ತಂಡ ಇದ್ದವು. ಒಂದು ತಂಡದಲ್ಲಿ ಮೈದಾನದ ಮೇಲೆ 11 ಜನ, ಅದರಲ್ಲಿ 4 ಜನ ವಿದೇಶದವರು ಇರಬಹುದು. ಉಳಿದದ್ದು 7. ಹದಿಮೂರು ಏಳಲಿ 91. ಇಡೀ ದೇಶದ ಮಕ್ಕಳಿಗೆ, ಕಾಶ್ಮೀರದಿಂದ ಕೇರಳದ ವರೆಗೆ, ಮಣಿಪುರ ಮಿಜೋರಂ ಸೇರಿ, ಆಟ ಶುರುವಾಗುವಾಗ ಗ್ಯಾರಂಟಿ ಇರುವ ಜಾಗ 91. ಬೆಂಚಿನ ಮೇಲೆ ಕೂರುವವರು, ಕೆಳಗಿನ ಲೀಗಿನವರು ಎಲ್ಲ ಸೇರಿಸಿದರೂ ಲೆಕ್ಕ ದೊಡ್ಡದಾಗುವುದಿಲ್ಲ. ನಮ್ಮ ಒಂದು ವಾರ್ಡಿನ ಶಾಲೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಹಿಂದೆ ಈ ನಗರದಲ್ಲಿ ಆಟಕ್ಕೆ ಇನ್ನೊಂದು ಆಸರೆ ಇತ್ತು. ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳ ತಂಡಗಳಿದ್ದವು. ಚೆನ್ನಾಗಿ ಆಡಿದವನಿಗೆ ನೌಕರಿ ಸಿಗುತ್ತಿತ್ತು, ಕಾಲು ನಿಂತ ಮೇಲೂ ಸಂಬಳ ಬರುತ್ತಿತ್ತು. ಅದಕ್ಕೂ ಹಿಂದೆ 'ಬೆಂಗಳೂರು ಮುಸ್ಲಿಮ್ಸ್' ಅನ್ನುವ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದರು, 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ನಮ್ಮ ಹುಡುಗರಿಗೆ ಮೆಸ್ಸಿ, ರೊನಾಲ್ಡೊ ಇಬ್ಬರ ಮನೆ ವಿಷಯವೂ ಗೊತ್ತು, ಅಹ್ಮದ್ ಖಾನ್ ಹೆಸರು ಗೊತ್ತಿಲ್ಲ. ಅದನ್ನೂ ಹೇಳಿಕೊಡಬೇಕು. ಆದರೆ ಆ ಕಾಲ ವಾಪಸ್ ಬರುವುದಿಲ್ಲ. ಕಾರ್ಖಾನೆಯ ನೌಕರಿ ಹೋದ ಮೇಲೆ ಆಟಗಾರನ ಬೆನ್ನಿಗೆ ಉಳಿದದ್ದು ಅವನ ಓದು ಒಂದೇ.

ಕೇಳಲೇಬೇಕಾದ ಪ್ರಶ್ನೆಗಳು

ಬೇಕರಿಯವರಿಗೆ ನಾನು ಆ ರಾತ್ರಿ ಹೇಳಿದ್ದು ಇಷ್ಟು: ದುಡ್ಡು ಕಟ್ಟುವ ಮೊದಲು ಇವನ್ನು ಕೇಳಿ. ಕೇಳಿದರೆ ಮುಖ ಗಂಟು ಹಾಕುವವರ ಕಡೆ ಮಗನನ್ನು ಬಿಡಬೇಡಿ.

ಕಲಿಸುವವರು ಯಾರು, ಅವರ ಹತ್ತಿರ ಲೈಸೆನ್ಸ್ ಉಂಟಾ? ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕೋಚುಗಳಿಗೆ ಡಿ, ಸಿ, ಬಿ, ಎ, ಪ್ರೊ ಅಂತ ಹಂತ ಹಂತವಾಗಿ ಲೈಸೆನ್ಸ್ ಕೊಡುತ್ತದೆ. ಪೋಸ್ಟರಿನಲ್ಲಿ ಹೆಸರಿರುವ ದೊಡ್ಡ ಕೋಚು ಬೇರೆ, ದಿನಾ ಸಂಜೆ ನಿಮ್ಮ ಮಗನ ಮುಂದೆ ನಿಲ್ಲುವವನು ಬೇರೆ. ನಾವು ಕೇಳಬೇಕಾದದ್ದು ಎರಡನೆಯವನ ಬಗ್ಗೆ. ಒಬ್ಬ ಕೋಚಿಗೆ ಎಷ್ಟು ಮಕ್ಕಳು ಅಂತಲೂ ನೋಡಿ. ನಲವತ್ತು ಮಕ್ಕಳಿಗೆ ಒಬ್ಬ ಅಂದರೆ ಅದು ಕಾವಲು ಕೆಲಸ. ಇದು ಮದ್ರಸಕ್ಕೂ ಅನ್ವಯ ಆಗುವ ಮಾತು, ಅಲ್ಲಗಳೆಯುವುದಿಲ್ಲ.

ವರ್ಷಕ್ಕೆ ಎಷ್ಟು ಮ್ಯಾಚು, ಯಾವ ಲೀಗಿನಲ್ಲಿ? ಫೆಡರೇಶನ್ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಯೂತ್ ಲೀಗ್ ನಡೆಸುತ್ತದೆ. ಆಟಗಾರನ ಹೆಸರು ಸಿಆರ್‌ಎಸ್ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಇರಬೇಕು. ಅಕಾಡೆಮಿಗಳನ್ನು ಪರಿಶೀಲಿಸಿ ಮಾನ್ಯತೆ, ಸ್ಟಾರು ಕೊಡುವ ಪದ್ಧತಿಯೂ ಫೆಡರೇಶನ್‌ನಲ್ಲಿ ಇದೆ. ನಿಮ್ಮ ಅಕಾಡೆಮಿಗೆ ಆ ಮಾನ್ಯತೆ ಉಂಟಾ, ಈ ವರ್ಷದ್ದಾ ಅಂತ ಕೇಳಿ. ನನ್ನ ಅಕ್ಕನ ಮಗನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಎರಡು ವರ್ಷ ಬೆವರು ಸುರಿಸಿದವನು ಕಾಗದದ ಮೇಲೆ ಒಂದು ದಿನವೂ ಫುಟ್‌ಬಾಲ್ ಆಡಿರಲಿಲ್ಲ.

ವಯಸ್ಸಿನ ವಿಷಯದಲ್ಲಿ ಪ್ರಾಮಾಣಿಕರಾ? ಕಪ್ಪು ಗೆಲ್ಲುವ ಆಸೆಗೆ ದೊಡ್ಡ ಹುಡುಗರನ್ನು ಚಿಕ್ಕವರ ತಂಡದಲ್ಲಿ ಆಡಿಸುವ ರೋಗ ನಮ್ಮ ದೇಶದಲ್ಲಿ ಹಳೆಯದು. ಅದಕ್ಕೇ ಈಗ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. "ಜನನ ಪ್ರಮಾಣಪತ್ರ ಸ್ವಲ್ಪ ಸರಿಮಾಡಿಸಿ ಕೊಡಿ" ಅಂತ ಯಾವ ಕೋಚು ಹೇಳಿದರೂ ಅವತ್ತೇ ಮಗನ ಕೈ ಹಿಡಿದು ಮನೆಗೆ ಕರಕೊಂಡು ಬನ್ನಿ. ಹದಿಮೂರನೇ ವರ್ಷದಲ್ಲಿ ಸುಳ್ಳು ಹೇಳಿ ಗೆಲ್ಲುವುದನ್ನು ಕಲಿಸುವವನು ಇನ್ನೇನು ಕಲಿಸಿಯಾನು?

ವಿದೇಶಕ್ಕೆ ಕರಕೊಂಡು ಹೋಗುತ್ತೇವೆ ಅನ್ನುತ್ತಾರಾ? ಇದೊಂದು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಫಿಫಾ ನಿಯಮದ ಪ್ರಕಾರ 18 ವರ್ಷ ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡುವಂತಿಲ್ಲ. ತಂದೆ ತಾಯಿ ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದರೆ ಅನ್ನುವಂಥ ಕೆಲವು ವಿನಾಯಿತಿ ಮಾತ್ರ ಉಂಟು. 14ರ ಹುಡುಗನಿಗೆ "ಸ್ಪೇನ್‌ನಲ್ಲಿ ಟ್ರಯಲ್, ಇಷ್ಟು ಲಕ್ಷ ಕೊಡಿ" ಅನ್ನುವವರು ಮಾರುತ್ತಿರುವುದು ಪ್ರವಾಸ. ಗಲ್ಫ್ ವೀಸಾದ ಹೆಸರಿನಲ್ಲಿ ಮೋಸ ಹೋದ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಅದೇ ದಂಧೆ ಈಗ ಬೂಟು ಹಾಕಿಕೊಂಡು ಬಂದಿದೆ.

ಇನ್ನು ತಾಯಂದಿರು ಕೇಳುವ ಪ್ರಶ್ನೆ. ಬೇಕರಿಯವರ ಮನೆಯವರು ಫೋನಿನಲ್ಲೇ ನನ್ನ ಹತ್ತಿರ ಕೇಳಿದರು: "ಹಾಸ್ಟೆಲ್ ಅಂದ್ರೆ ರಾತ್ರಿ ಮಕ್ಕಳ ಜೊತೆ ಯಾರು ಇರ್ತಾರೆ ಉಸ್ತಾದ್? ಊಟ ಎಂತ? ಜ್ವರ ಬಂದ್ರೆ ಯಾರು ನೋಡ್ತಾರೆ?" ಅಪ್ಪಂದಿರು ಕಪ್ಪು, ಕೋಚು ಅನ್ನುವಾಗ ಅಮ್ಮಂದಿರು ಬೇರಿಗೇ ಕೈ ಹಾಕುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಲ್ಲೇ ಬಂದಿದೆ. ದೂರು ಬಂದರೆ ಯಾರಿಗೆ ಹೇಳಬೇಕು, ಮಗ ಮನೆಗೆ ಯಾವಾಗ ಬೇಕಾದರೂ ಫೋನು ಮಾಡಬಹುದಾ, ತಂದೆ ತಾಯಿ ಹೇಳದೆ ಕೇಳದೆ ಒಂದು ದಿನ ಹೋಗಿ ನೋಡಬಹುದಾ ಅಂತ ಕೇಳುವುದು ಅನುಮಾನ ಪಡುವುದಲ್ಲ. ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯಾದರೂ, ನಮ್ಮವೂ ಸೇರಿ, ಇದಕ್ಕೆ ಉತ್ತರ ರೆಡಿ ಇಟ್ಟಿರಬೇಕು.

ರಂಝಾನಿನಲ್ಲಿ ಉಪವಾಸ ಇರುವ ಹುಡುಗನಿಗೆ ಅಭ್ಯಾಸದ ಹೊತ್ತು ಬದಲಾಯಿಸುತ್ತೀರಾ ಅಂತಲೂ ಮೊದಲೇ ಕೇಳಿಬಿಡಿ. ಯುರೋಪಿನ ಕ್ಲಬ್ಬುಗಳಲ್ಲೇ ಇದಕ್ಕೆ ವ್ಯವಸ್ಥೆ ಮಾಡುತ್ತಾರೆ. ಕೇಳಲು ಸಂಕೋಚ ಬೇಡ. ಕೊನೆ ಗಳಿಗೆಯಲ್ಲಿ ಹುಡುಗನೊಬ್ಬನೇ ಕೋಚಿನ ಮುಂದೆ ನಿಂತು ಹೇಳುವ ಹಾಗೆ ಮಾಡಬೇಡಿ.

ಹೊರಬಿದ್ದವರು ಎಲ್ಲಿದ್ದಾರೆ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೊನೆಗೆ ಇಟ್ಟಿದ್ದೇನೆ. ನಿಮ್ಮ ಅಕಾಡೆಮಿಯಿಂದ ಕಳೆದ ಮೂರು ವರ್ಷದಲ್ಲಿ ಹೊರಬಿದ್ದ ಹುಡುಗರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರ ಮನೆಯವರ ಜೊತೆ ನಾವು ಮಾತನಾಡಬಹುದಾ?

ಗೋಡೆಯ ಮೇಲಿನ ಫೋಟೋ ಗೆದ್ದವರದ್ದು. 2010ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದ ಮೂವರೂ, ಮೆಸ್ಸಿ, ಇನಿಯೆಸ್ಟಾ, ಚಾವಿ, ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಯವರು. ಆ ಫೋಟೋ ಇಡೀ ಜಗತ್ತೇ ನೋಡಿತು. ಅದೇ ಹಾಸ್ಟೆಲಿನಲ್ಲಿ ಅವರ ಪಕ್ಕದ ಮಂಚದಲ್ಲಿ ಮಲಗಿದ್ದ ಹುಡುಗರ ಫೋಟೋ ಯಾರೂ ಕೇಳಲಿಲ್ಲ. ಅಲ್ಲಿಯೇ ಹಾಗಾದರೆ ಇಲ್ಲಿ ಹೇಗಿರಬೇಡ?

ಹೊರದೇಶದಲ್ಲಿ ಈಗೀಗ ಈ ಪ್ರಶ್ನೆ ಕೇಳುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 2012ರಿಂದ ಕ್ಲಬ್ಬುಗಳ ಅಕಾಡೆಮಿಗಳನ್ನು ಪರಿಶೀಲಿಸಿ ಒಂದರಿಂದ ನಾಲ್ಕು ದರ್ಜೆ ಕೊಡುತ್ತಾರೆ. ಅದರಲ್ಲಿ ಮೈದಾನ, ಕೋಚಿನ ಜೊತೆ ಮಕ್ಕಳ ಓದು, ಯೋಗಕ್ಷೇಮ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೂ ಸಾಕಾಗಲಿಲ್ಲ. ಅಕಾಡೆಮಿ ಬಿಡಿಸಿದ ಮೇಲೆ ಮನಸ್ಸು ಕುಸಿದ ಹುಡುಗರ ಕತೆಗಳು ಅಲ್ಲಿ ಪತ್ರಿಕೆಗಳಲ್ಲಿ ಬಂದವು. 2022ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬು, ಹೊರಗೆ ಕಳಿಸಿದ 18ರಿಂದ 23 ವಯಸ್ಸಿನ ಹುಡುಗರನ್ನು ಮೂರು ವರ್ಷ ವಿಚಾರಿಸಿಕೊಳ್ಳುವ ಯೋಜನೆ ಶುರುಮಾಡಿತು. ಬೇರೆ ಕ್ಲಬ್ಬು, ಓದು, ಕೆಲಸ, ಯಾವುದು ಬೇಕೋ ಅದಕ್ಕೆ ಒಬ್ಬ ಮನುಷ್ಯ ಫೋನೆತ್ತುತ್ತಾನೆ. ನನ್ನ ದೃಷ್ಟಿಯಲ್ಲಿ ಅಕಾಡೆಮಿಯ ಗುಣಮಟ್ಟ ಅಂದರೆ ಇದು. ಗೆಲ್ಲುವ ಹುಡುಗನನ್ನು ಯಾರು ಬೇಕಾದರೂ ಪ್ರೀತಿಸುತ್ತಾರೆ.

ಹುಡುಗ ಸೋಲದಿದ್ದರೂ ಕ್ಲಬ್ಬೇ ಮುಚ್ಚಿ ಹೋಗಬಹುದು. ಮಲಪ್ಪುರಂನ ಆಶಿಕ್ ಕುರುಣಿಯನ್ ಹೆಸರು ನಮ್ಮ ಹುಡುಗರಿಗೆಲ್ಲ ಗೊತ್ತು. ಅವರು ಬೆಳೆದದ್ದು ಪುಣೆ ಎಫ್‌ಸಿಯ ಅಕಾಡೆಮಿಯಲ್ಲಿ. ಆಗ ಅದು ದೇಶದ ಒಳ್ಳೆಯ ಅಕಾಡೆಮಿಗಳಲ್ಲಿ ಒಂದು ಅಂತ ಹೆಸರಾಗಿತ್ತು. ಆ ಕ್ಲಬ್ಬು ನಿಂತುಹೋಗಿ ಅಕಾಡೆಮಿ ಎಫ್‌ಸಿ ಪುಣೆ ಸಿಟಿಯ ಕೈಗೆ ಹೋಯಿತು. 2019ರಲ್ಲಿ ಆ ಕ್ಲಬ್ಬೂ ಮುಚ್ಚಿತು. ಆಶಿಕ್ ಅದೇ ವರ್ಷ ಬೆಂಗಳೂರಿಗೆ ಬಂದರು, ಅವರಿಗೆ ಕರೆಯುವವರಿದ್ದರು. ಕರೆಯುವವರಿಲ್ಲದ ಹುಡುಗರು ಟ್ರಂಕು ಹೊತ್ತು ಊರಿಗೆ ಹೋಗಿರಬೇಕು.

ಈ ವಿಷಯದಲ್ಲಿ ಬಿಎಫ್‌ಸಿಗೆ ಸಲ್ಲಬೇಕಾದದ್ದು ಸಲ್ಲಿಸಬೇಕು. 2025ರ ಆಗಸ್ಟಿನಲ್ಲಿ ಐಎಸ್‌ಎಲ್ ನಡೆಯುತ್ತದಾ ಇಲ್ಲವಾ ಅಂತಲೇ ಗೊತ್ತಿಲ್ಲದಾಗ, ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ಕ್ಲಬ್ಬು ತಡೆಹಿಡಿಯಿತು. ಆದರೆ ಹುಡುಗರ, ಹುಡುಗಿಯರ ಯುವ ತಂಡಗಳು ಮತ್ತು ಸಾಕರ್ ಸ್ಕೂಲು ಎಂದಿನಂತೆ ನಡೆಯುತ್ತವೆ ಅಂತ ಅದೇ ಪ್ರಕಟಣೆಯಲ್ಲಿ ಹೇಳಿತು. ಕಷ್ಟ ಬಂದಾಗ ಮೊದಲು ಯಾರ ತಟ್ಟೆಯಿಂದ ಅನ್ನ ತೆಗೆಯುತ್ತಾರೆ ಅನ್ನುವುದರಲ್ಲಿ ಮನೆಯ ಗುಣ ಗೊತ್ತಾಗುತ್ತದೆ. ಮಕ್ಕಳ ತಟ್ಟೆಗೆ ಕೈ ಹಾಕಲಿಲ್ಲ ಅನ್ನುವುದು ನನಗೆ ಎರಡು ಕಪ್ಪಿಗಿಂತ ದೊಡ್ಡದಾಗಿ ಕಂಡಿತು.

ಹಾಗಂತ ಅವರಿಗೂ ನಮ್ಮ ಕೇಳಿಕೆ ಉಂಟು. ಪ್ರತಿ ವರ್ಷ ಎಷ್ಟು ಹುಡುಗರನ್ನು ತೆಗೆದುಕೊಂಡಿರಿ, ಎಷ್ಟು ಜನ ಕರ್ನಾಟಕದವರು, ಎಷ್ಟು ಜನರನ್ನು ಕಳಿಸಿದಿರಿ, ಕಳಿಸಿದವರಲ್ಲಿ ಎಷ್ಟು ಜನ ಹತ್ತನೇ ಕ್ಲಾಸು, ಪಿಯುಸಿ ಮುಗಿಸಿದರು ಅಂತ ಒಂದು ಪುಟದಲ್ಲಿ ಕನ್ನಡದಲ್ಲಿ ಪ್ರಕಟಿಸಿ. ಶಾಲೆಗಳು ಎಸ್ಸೆಸ್ಸೆಲ್ಸಿ ಫಲಿತಾಂಶ ಬೋರ್ಡು ಹಾಕುವುದಿಲ್ಲವಾ, ಹಾಗೆ. ನಗರದ ಹೆಸರು ಹೊತ್ತ ಕ್ಲಬ್ಬು ಅದು. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ತಂಡವಾಗಿ ಗೆದ್ದ ಮೇಲೆ 54 ವರ್ಷಕ್ಕೆ ಸಿಕ್ಕ ಕಪ್ಪು. ಸೌದಿಯಲ್ಲಿರುವ ನಮ್ಮ ಎಷ್ಟೋ ಹುಡುಗರು ಅವತ್ತು ಫೋನಿನಲ್ಲಿ ಕುಣಿದರು. ಅಂಥ ರಾಜ್ಯದಲ್ಲಿ ಹುಡುಗರಿಗೆ ಕೊರತೆ ಇಲ್ಲ. ಹುಡುಕಲು ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆ ಕಡೆಗೂ ಒಮ್ಮೆ ಬನ್ನಿ ಅಂತ ಕೇಳುವುದು ತಪ್ಪಲ್ಲ.

ನಮ್ಮ ಪಾಲಿನ ಕೆಲಸ

ಬೇರೆಯವರಿಗೆ ಬೆರಳು ತೋರಿಸಿದ ಮೇಲೆ ನನ್ನ ಕಡೆ ತಿರುಗಿದ ಬೆರಳುಗಳನ್ನೂ ನೋಡಬೇಕು.

ಹಿಫ್ಝ್ ತರಗತಿಗೆ ಹತ್ತು ಮಕ್ಕಳು ಸೇರುತ್ತಾರೆ. ಇಬ್ಬರು ಮೂವರು ಪೂರ್ತಿ ಮಾಡುತ್ತಾರೆ. ಅವರಿಗೆ ಸನದು, ಶಾಲು, ಸ್ಟೇಜು, ಫ್ಲೆಕ್ಸು. ನಡುವೆ ಬಿಟ್ಟ ಏಳು ಮಕ್ಕಳು ಏನಾದರು? ಅವರಲ್ಲಿ ಕೆಲವರು ನಮ್ಮನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ನನ್ನ ಅಕ್ಕನ ಮಗ ಚೆಂಡು ಕಂಡು ಒಳಗೆ ಹೋಗುವುದಕ್ಕೂ ಇದಕ್ಕೂ ನನಗೆ ಈಗ ವ್ಯತ್ಯಾಸ ಕಾಣುವುದಿಲ್ಲ. ಅಕಾಡೆಮಿಗೆ ಹೊರಬಿದ್ದವರ ಪಟ್ಟಿ ಕೇಳುವ ಮೊದಲು ನನ್ನ ಹಾಜರಿ ಪುಸ್ತಕ ತೆಗೆದು ನೋಡಿದೆ. ಐದು ವರ್ಷದಲ್ಲಿ ನಡುವೆ ಬಿಟ್ಟವರು ಹದಿನಾಲ್ಕು ಹೆಸರು. ಅದರಲ್ಲಿ ಒಂಬತ್ತು ಮನೆಗೆ ಹೋಗಿ ಬಂದಿದ್ದೇನೆ. ಉಳಿದ ಐದು ಬಾಕಿ ಉಂಟು. ಹೇಳಿಕೊಳ್ಳಲು ದೊಡ್ಡ ಕೆಲಸವಲ್ಲ, ತಡವಾಗಿ ಮಾಡಿದ್ದು.

ಇನ್ನೊಂದು, ಹೊತ್ತಿನ ವಿಷಯ. ಮಕ್ಕಳ ಮ್ಯಾಚು ಹೆಚ್ಚಾಗಿ ಇರುವುದು ಭಾನುವಾರ ಬೆಳಿಗ್ಗೆ. ನಮ್ಮ ಮದ್ರಸವೂ ಅದೇ ಹೊತ್ತಿಗೆ. ಆಗ ಹುಡುಗ ಸುಳ್ಳು ಹೇಳುತ್ತಾನೆ, ಹೊಟ್ಟೆನೋವು ಅನ್ನುತ್ತಾನೆ. ಲೀಗಿನಲ್ಲಿ ನಿಜವಾಗಿ ಆಡುವ ಹುಡುಗರಿಗೆ ಮ್ಯಾಚಿನ ದಿನ ಪಾಠ ಸಂಜೆಗೆ ಇಟ್ಟುಕೊಂಡರೆ ಏನು ನಷ್ಟ? ಕಮಿಟಿಯವರ ಹತ್ತಿರ ಈ ಮಾತು ಆಡಿದ್ದೇನೆ. ಒಬ್ಬರು ಒಪ್ಪಿದರು, ಒಬ್ಬರು "ನೀವೇ ಹೀಗೆಂದರೆ ಹೇಗೆ ಉಸ್ತಾದ್?" ಅಂದರು. ಹೀಗೆಂದರೆ ಹುಡುಗ ಸುಳ್ಳು ಹೇಳುವುದು ನಿಲ್ಲುತ್ತದೆ ಅಂತ ಹೇಳಿದೆ.

ಮತ್ತೆ ಜಾಗ. ಈ ಪೀಣ್ಯ, ಹೆಗ್ಗನಹಳ್ಳಿ ಪಟ್ಟಿಯಲ್ಲಿ ಲೇತ್ ಮಿಷನ್ನು, ಗಾರ್ಮೆಂಟ್ಸು, ಬಾಡಿಗೆ ಮನೆ ಬಿಟ್ಟರೆ ಮಕ್ಕಳು ಓಡಲು ಜಾಗ ಎಲ್ಲಿ ಉಂಟು? ಗಂಟೆಗೆ ಇಷ್ಟು ಅಂತ ಕೊಟ್ಟು ಟರ್ಫಿಗೆ ಹೋಗುವುದು ಎಲ್ಲರಿಗೂ ಆಗುವುದಿಲ್ಲ. ಮೈದಾನ ಇಲ್ಲದ್ದಕ್ಕೇ ಅಕಾಡೆಮಿಯ ಅಂಗಡಿ ನಡೆಯುವುದು. ಚುನಾವಣೆ ಬಂದಾಗ ಮಸೀದಿ ಬಾಗಿಲಿಗೆ ಬರುವವರ ಹತ್ತಿರ ನಾವು ಚರಂಡಿ, ನೀರು ಕೇಳುತ್ತೇವೆ. ಜೊತೆಗೆ ಒಂದು ಮೈದಾನ ಕೇಳಬೇಕು. ಅದು ನಮ್ಮ ಮಕ್ಕಳಿಗೆ ಮಾತ್ರ ಅಲ್ಲ, ಬೀದಿಯ ಎಲ್ಲ ಮಕ್ಕಳಿಗೆ. ಚೆಂಡಿಗೆ ಪಾಸ್ ಕೊಡುವಾಗ ಯಾರ ಮನೆಯವನು ಅಂತ ಯಾವ ಹುಡುಗನೂ ಕೇಳುವುದಿಲ್ಲ.

ಬೇಕರಿಯವರ ವಿಷಯ ಏನಾಯಿತು ಅಂತ ನೀವು ಕೇಳಬಹುದು. ಅವರು ನಾನು ಹೇಳಿದ ಪ್ರಶ್ನೆಗಳನ್ನು ಒಂದು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡು ಹೋದರು. ಕೋಚಿನ ಲೈಸೆನ್ಸ್ ಬಗ್ಗೆ ಉತ್ತರ ಬಂತು. ಲೀಗಿನ ಬಗ್ಗೆ "ಮುಂದಿನ ವರ್ಷ" ಅಂದರು. ಬಿಟ್ಟು ಹೋದ ಇಬ್ಬರ ಫೋನ್ ನಂಬರು ಕೇಳಿದ್ದಕ್ಕೆ, ಅಂಥ ಪ್ರಶ್ನೆ ಇದುವರೆಗೆ ಯಾರೂ ಕೇಳಿಲ್ಲ ಅಂದರಂತೆ. ಶುಕ್ರವಾರ ಕಳೆಯಿತು. ಸೀಟು ಬೇರೆಯವರಿಗೆ ಹೋಗಲಿಲ್ಲ. ಇನ್ನೂ ಎರಡು ಸಲ ಮೆಸೇಜು ಬಂತು, ಎರಡನೆಯದರಲ್ಲಿ ಫೀಸು ಕಮ್ಮಿ ಆಗಿತ್ತು.

ಇವರು ಕಟ್ಟಲಿಲ್ಲ. ಹುಡುಗ ನಾಲ್ಕು ದಿನ ಅಪ್ಪನ ಹತ್ತಿರ ಮಾತು ಬಿಟ್ಟ, ನನ್ನ ಹತ್ತಿರವೂ ಮುಖ ಊದಿಸಿಕೊಂಡಿದ್ದ. ಈಗ ಜಿಲ್ಲಾ ಲೀಗಿನಲ್ಲಿ ನೋಂದಣಿ ಇರುವ ಒಂದು ಚಿಕ್ಕ ಕ್ಲಬ್ಬಿನ ಹುಡುಗರ ಜೊತೆ ಅಭ್ಯಾಸಕ್ಕೆ ಹೋಗುತ್ತಾನೆ. ಅವರ ಜೆರ್ಸಿಯ ಬಣ್ಣ ಮಾಸಿದೆ, ವಿದೇಶದ ಬಿಲ್ಲೆ ಇಲ್ಲ. ಕಳೆದ ವಾರ ಅವನಿಗೆ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ಬೇಕರಿಗೆ ಒಂದು ಫೋನು ಬಂತಂತೆ, ಕೋಚಿನದ್ದು: "ಹುಡುಗ ಬರಲಿಲ್ಲ, ಹುಷಾರಿದ್ದಾನಾ?"

ಫೀಸಿನ ವಿಷಯ ಎತ್ತಲೇ ಇಲ್ಲ ಉಸ್ತಾದ್, ಅಂತ ಅವರು ನನಗೆ ಎರಡು ಸಲ ಹೇಳಿದರು.